ನೂರಕ್ಕೆ ಎಷ್ಟು ಸಾರ್?

ರಾಮನಗರದ ಹತ್ತಿರ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ. ಕ್ಯಾಂಟೀನ್ ಹಾಲ್ ತುಂಬ ಹೆಣ್ಣುಮಕ್ಕಳು... ಎಲ್ಲರ ಸಿಟ್ಟೂ ಒಬ್ಬಳ ಮೇಲೆ.

ಅವಳ ಹೆಸರು ಚಂಪಕಾ. ಕಾರ್ಮಿಕರ ಆರೋಗ್ಯ ವಿಮೆಯಲ್ಲಿ ಏನಿರಬೇಕು, ಏನು ಬೇಡ ಎಂದು ಫ್ಯಾಕ್ಟರಿಗಳಿಗೆ ಸಲಹೆ ಕೊಡುವುದು ಅವಳ ಕೆಲಸ.

ಒಂದು ಔಷಧ ಕಂಪನಿ ಮೂರು ವರ್ಷದ ಹಿಂದೆ ಹೃದಯಕ್ಕೆಂದು ಹೊಸ ಮಾತ್ರೆ ತಂದಿತ್ತು. ಭಾರೀ ದುಬಾರಿ. ಅದನ್ನು ವಿಮೆಗೆ ಸೇರಿಸಿದರೆ ಇರುವ ಹಣವೆಲ್ಲ ಅದಕ್ಕೇ ಹೋಗಿ, ಈ ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಸಿಗುತ್ತಿದ್ದ ಆಸ್ಪತ್ರೆ ಖರ್ಚು ಪೂರ್ತಿ ನಿಂತುಹೋಗುತ್ತಿತ್ತು.

ಚಂಪಕಾ ಬೇಡ ಎಂದಿದ್ದಳು. ಅಷ್ಟೇ ಅವಳು ಮಾಡಿದ ತಪ್ಪು!

"ನಾವು ಸಾಯ್ಲಿ ಅಂತಾನಾ ಮೇಡಂ ನಿಮ್ಗೆ?" ಹಿಂದಿನಿಂದ ಒಬ್ಬಳು ಕೂಗಿದಳು.

"ಮ್ಯಾನೇಜ್‌ಮೆಂಟ್ ಎಷ್ಟ್ ಕೊಡ್ತು ಇವ್ರಿಗೆ? ಕೇಳ್ರೇ!"

ಔಷಧ ಕಂಪನಿಯವನು ಪಕ್ಕದಲ್ಲೇ ನಿಂತಿದ್ದ. ಕೋಟು, ಟೈ, ಮುಖದಲ್ಲಿ ನಗು... ಅಬ್ಬಾ, ಆ ನಗು! ಬೇರೆಯವರಿಗೆ ಬೈಗುಳ ಬೀಳುವಾಗ ಕೆಲವರಿಗೆ ಎಷ್ಟು ಹಾಯಾಗಿರುತ್ತದೆ ನೋಡಿ.

ಅವನ ಹಿಂದೆ ಪರದೆಯ ಮೇಲೆ ದಪ್ಪ ಅಕ್ಷರ: 'ಹೃದಯದ ಅಪಾಯ ಅರ್ಧಕ್ಕೆ ಇಳಿಕೆ!' ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇನ್ನೇನೋ. ಅದನ್ನು ಓದಲು ಯಾರಿಗೂ ಸಾಧ್ಯವಿರಲಿಲ್ಲ. ಓದಬಾರದೆಂದೇ ಹಾಗೆ ಬರೆದಿದ್ದು!

ಮೂರು ತಿಂಗಳಿಂದ ಅವನ ವಿಡಿಯೋ ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತಿತ್ತು. 'ಈ ಮಾತ್ರೆ ಕೊಡಿಸಿದ್ದರೆ ನಿಮ್ಮವರು ಬದುಕಿರುತ್ತಿದ್ದರು' ಎಂಬ ಮಾತು, ಜೊತೆಗೆ ಅಳುವ ಸಂಗೀತ...

ಚಂಪಕಾ ಬಾಯಿ ತೆರೆದಳು. "ನೋಡಿ, ಈ ಮಾತ್ರೆ ಕೊಟ್ಟು ಪರೀಕ್ಷೆ ಮಾಡಿದ ಸ್ಟಡಿಯಲ್ಲಿ..."

"ಸಾಕು ಸುಮ್ನಿರಿ!"

ಎದ್ದು ನಿಂತವಳು ಹೊಂಬಾಳಮ್ಮ. ಹೊಲಿದ ಬಟ್ಟೆಯ ತಪ್ಪು ಹುಡುಕುವ ಚೆಕಿಂಗ್ ಸೆಕ್ಷನ್‌ನಲ್ಲಿ ಹದಿನಾಲ್ಕು ವರ್ಷದ ಸರ್ವಿಸ್. ಎರಡು ವರ್ಷದ ಹಿಂದೆ ಗಂಡ ಸಿದ್ದರಾಜು ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡಿದ್ದ. ಈ ಮಾತ್ರೆ ಬೇಕೇ ಬೇಕು ಎಂದು ಎಲ್ಲರಿಗಿಂತ ಜೋರಾಗಿ ಜಗಳ ಆಡುತ್ತಿದ್ದವಳೂ ಅವಳೇ.

"ಸಾರ್, ಈ ಯಮ್ಮನ ಬಾಯಿ ನಾನ್ ಮುಚ್ಚಿಸ್ತೀನಿ. ನೀವ್ ಲೆಕ್ಕ ಹೇಳಿ. ನಾವು ಎರಡು ಲೈನಿನ ಪೀಸ್ ಪಕ್ಕಪಕ್ಕ ಇಟ್ಕೊಂಡು ನೂರಕ್ಕೆ ಎಷ್ಟು ರಿಜೆಕ್ಟ್ ಅಂತ ನೋಡ್ತೀವಿ. ಹಂಗೇ ಹೇಳಿ. ಮಾತ್ರೆ ತಿಂದೋರಲ್ಲಿ ನೂರಕ್ಕೆ ಎಷ್ಟು ಜನಕ್ಕೆ ಹಾರ್ಟ್ ಅಟ್ಯಾಕ್ ಆಯ್ತು? ತಿನ್ನದೇ ಇರೋರಲ್ಲಿ ಎಷ್ಟು?"

ಅವನ ನಗು ಸ್ವಲ್ಪ ಮಾಸಿತು.

"ಅಮ್ಮಾ, ಅದು ಸೈಂಟಿಫಿಕ್ ವಿಷಯ... ನಿಮಗೆ ಅರ್ಥ ಆಗಲ್ಲ."

"ಎರಡೇ ನಂಬರ್ ಸಾರ್. ಅರ್ಥ ಆಗದೆ ಇರಕ್ಕೆ ಏನೈತೆ?"

"ಅದೂ... ಟೀಮ್ ಹತ್ತಿರ ಕೇಳಿ ಹೇಳ್ತೀನಿ."

ಹೊಂಬಾಳಮ್ಮ ಒಂದು ಕ್ಷಣ ಅವನನ್ನೇ ನೋಡಿದಳು. ತಪ್ಪು ಹೊಲಿಗೆಗೆ ನೆಪ ಹೇಳುವವರನ್ನು ಹದಿನಾಲ್ಕು ವರ್ಷದಿಂದ ನೋಡಿದ ಕಣ್ಣು ಅದು.

ನಿಧಾನಕ್ಕೆ ಚಂಪಕಾ ಕಡೆ ತಿರುಗಿದಳು.

"ನಿಮ್ಗೊತ್ತಾ?"

"ಗೊತ್ತು."

"ಮಾತ್ರೆ ತಿಂದೋರು?"

"ನೂರಕ್ಕೆ ಮೂರು."

"ತಿನ್ನದೋರು?"

"ಮೂರು."

ಹೊಂಬಾಳಮ್ಮ ಪರದೆಯ ದಪ್ಪ ಅಕ್ಷರದ ಕಡೆ ಕೈ ತೋರಿಸಿದಳು.

"ಮತ್ತೆ ಅರ್ಧ ಆಗಿದ್ದೇನು?"

"ರಕ್ತದ ರಿಪೋರ್ಟ್‌ನಲ್ಲಿ ಒಂದು ನಂಬರ್. ಅಷ್ಟೇ. ಆ ನಂಬರ್ ಇಳಿಯಿತು, ಹಾರ್ಟ್ ಅಟ್ಯಾಕ್ ಇಳಿಯಲಿಲ್ಲ. ಡಾಕ್ಟರ್ ಬರೆದುಕೊಟ್ಟ ನಿಮ್ಮ ಮಾತ್ರೆ ಯಾರೂ ಬಿಡಬೇಡಿ. ನಾನು ಹೇಳ್ತಿರೋದು ಇದೊಂದರ ವಿಷಯ."

ಔಷಧದವನು ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ತುಂಬುತ್ತಿದ್ದ. ಆದರೆ ಹೊಂಬಾಳಮ್ಮ ಅವನ ಕಡೆ ನೋಡಲೇ ಇಲ್ಲ. ಅವಳ ಸಿಟ್ಟೆಲ್ಲ ಚಂಪಕಾ ಮೇಲೆಯೇ ಇತ್ತು.

"ಯಾವಾಗಿಂದ ಗೊತ್ತು ನಿಮ್ಗೆ?"

"ಎರಡು ತಿಂಗಳಿಂದ... ನನ್ನ ರಿಪೋರ್ಟ್‌ನಲ್ಲಿ ಬರೆದಿದ್ದೆ. ನಲವತ್ತೆರಡು ಪೇಜ್."

"ಯಾವ ಭಾಷೇಲಿ?"

"...ಇಂಗ್ಲಿಷ್."

"ಯಾರಿಗ್ ಬರೆದ್ರಿ ಮೇಡಂ? ನಮ್ಗಾ?"

ಇವರಿಗೆ ಹೇಳಿದರೂ ತಿಳಿಯುವುದಿಲ್ಲ ಎಂದು ಚಂಪಕಾ ಕೂಡ ಅಂದುಕೊಂಡಿದ್ದಳಲ್ಲವೇ? ಆ ಕೋಟಿನವನಿಗೂ ತನಗೂ ಏನು ವ್ಯತ್ಯಾಸ ಎನಿಸಿ ಅವಳಿಗೆ ನಾಚಿಕೆಯಾಯಿತು.

ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಳು. ಬೈಗುಳ ಬರಲಿಲ್ಲ.

ಹೊಂಬಾಳಮ್ಮ ಬೆಂಚಿನ ಮೇಲೆ ಕುಸಿದು ಕುಳಿತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಆ ವಿಡಿಯೋ ನೋಡ್ದಾಗಿಂದ ಒಂದು ತುತ್ತು ಇಳೀತಿಲ್ಲ ಮೇಡಂ... ಮಾತ್ರೆ ಕೊಡಿಸಿದ್ರೆ ನಮ್ಮ ಯಜಮಾನ್ರು ಉಳೀತಿದ್ರು, ನಾನೇ ಕೊಡಿಸ್ಲಿಲ್ಲ ಅಂತ... ಮಗಳ ಮುಖ ನೋಡಕ್ಕೂ ಆಗ್ತಿಲ್ಲ..."

ಚಂಪಕಾ ಅವಳ ಮುಂದೆ ನೆಲದ ಮೇಲೆಯೇ ಕುಳಿತಳು.

"ಮೂರು, ಮೂರು ಅಂದ್ರಲ್ಲ... ಅದು ನಿಜ ತಾನೇ?"

"ನಿಜ ಹೊಂಬಾಳಮ್ಮ."

"ಹಂಗಾದ್ರೆ... ನಾನ್ ಸಾಯಿಸ್ಲಿಲ್ವಾ ಅವ್ರನ್ನ?"

"ಇಲ್ಲಮ್ಮ... ನೀವು ಸಾಯಿಸಲಿಲ್ಲ."

ಹೊಂಬಾಳಮ್ಮ ಗಂಡ ಸತ್ತ ದಿನ ಅತ್ತದ್ದಕ್ಕಿಂತ ಜೋರಾಗಿ ಅತ್ತಳು. ಅಲ್ಲಿದ್ದ ಯಾರೂ ಅವಳನ್ನು ಸುಮ್ಮನಾಗಿಸಲು ಹೋಗಲಿಲ್ಲ...

*

ಔಷಧದ ಹೆಸರಿನಲ್ಲಿ ಸುಳ್ಳು ಹೇಳಿದವನು ಎಷ್ಟು ಪಾಪಿಯೋ, ನಿಜ ಗೊತ್ತಿದ್ದೂ ಅರ್ಥವಾಗುವ ಹಾಗೆ ಹೇಳದವನೂ ಅಷ್ಟೇ ಪಾಪಿ.

ಇವತ್ತು ಬೆಳಗ್ಗೆ ನೀವು ಪೂರ್ತಿ ಓದದೆ ಫಾರ್ವರ್ಡ್ ಮಾಡಿದಿರಲ್ಲ, ಆ ಆರೋಗ್ಯದ ಮೆಸೇಜ್... ಅದು ಈಗ ಯಾರ ಮನೆಯಲ್ಲಿ ಯಾರ ಊಟ, ನಿದ್ದೆ ಕೆಡಿಸುತ್ತಿದೆ ಎಂದು ಒಮ್ಮೆಯಾದರೂ ಯೋಚಿಸಿದ್ದೀರಾ?