ಕಾರ್ಪೆಟ್ಟಿಗೆಂದು ತಂದ ಬಟ್ಟಲು

ಪಾದಪೂಜೆಗೆಂದು ಹಾಸಿದ್ದ ಬಿಳಿ ಕಾರ್ಪೆಟ್ಟು ಎದುರುಮನೆಯಿಂದ ಕೇಳಿ ತಂದದ್ದು. ಒಳಗೆ ಬರುತ್ತಲೇ ಸ್ವಾಮೀಜಿ ಹೊಸ್ತಿಲು ಎಡವಿ ಹೆಬ್ಬೆರಳು ಒಡೆದುಕೊಂಡರು. ಕಾರ್ಪೆಟ್ಟಿನ ಮೇಲೆ ರೂಪಾಯಿಯಗಲ ರಕ್ತ ಬಿತ್ತು. ಸ್ವಾಮೀಜಿಯನ್ನು ಕೋಣೆಯಲ್ಲಿ ಕೂರಿಸಿ ಬ್ಯಾಂಡೇಜ್ ಸುತ್ತಿದ್ದಾಯಿತು. ಕಲೆಗೇನು ಮಾಡುವುದು?

ಯಜಮಾನರು ಬಿಸಿನೀರು ತಂದರು.

"ಬಿಸಿನೀರು ಹಾಕಿದ್ರೆ ಜನ್ಮದಲ್ಲಿ ಹೋಗಲ್ಲ ರೀ!" ಎಂದು ಹೆಂಡತಿ ಚೊಂಬು ಕಿತ್ತುಕೊಂಡು, ಟೈಲರ್ ದಸ್ತಗೀರ್ ಸಾಹೇಬರಿಗೆ ಫೋನ್ ಮಾಡಿದರು.

"ಉಜ್ಜಬೇಡಿ ಅಕ್ಕಾ, ತಣ್ಣೀರಲ್ಲಿ ಒತ್ತಿ ಒತ್ತಿ ತೆಗೀರಿ. ಹೋಗ್ಲಿಲ್ಲ ಅಂದ್ರೆ ಉಗುಳು ಹಚ್ಚಿ. ಸೂಜಿ ಚುಚ್ಚಿ ಬಟ್ಟೆಗೆ ರಕ್ತ ಆದ್ರೆ ನಾವು ಮಾಡೋದು ಅದೇ. ಆದ್ರೆ ಯಾರ ರಕ್ತಾನೋ ಅವರ ಉಗುಳೇ ಆಗ್ಬೇಕು."

ತಣ್ಣೀರಿಗೆ ಅರ್ಧ ಕಲೆ ಹೋಯಿತು. ಇನ್ನರ್ಧ ಕದಲಲಿಲ್ಲ.

"ಉಗೀರಿ ಅಂತ ಸ್ವಾಮೀಜಿನ ಹೇಗೆ ಕೇಳ್ಲಿ?"

"ಇಲ್ದಿದ್ರೆ ಎದುರುಮನೆಯೋಳು ನಮ್ಮ ಮುಖಕ್ಕೇ ಉಗೀತಾಳೆ. ಹೋಗ್ರಿ!"

ಯಜಮಾನರು ಬೆಳ್ಳಿ ಬಟ್ಟಲಿಗೆ ಒಂದಿಷ್ಟು ನೀರು ಹಾಕಿಕೊಂಡು ಕೋಣೆಗೆ ಹೋದರು. ಸ್ವಾಮೀಜಿ ಒಳ್ಳೆಯವರು. ಬೇಸರಿಸದೆ ಎರಡು ಸಲ ಉಗುಳಿಕೊಟ್ಟರು.

ಬಟ್ಟಲನ್ನು ಜೋಪಾನವಾಗಿ ಎರಡೂ ಕೈಯಲ್ಲಿ ಹಿಡಿದು ಯಜಮಾನರು ಹೊರಬಂದದ್ದೇ ತಡ, "ತೀರ್ಥ ಬಂತು!" ಎಂದು ಯಾರೋ ಕೂಗಿದರು. ಕಾದಿದ್ದ ಭಕ್ತರೆಲ್ಲ ಬಲಗೈ ಚಾಚಿ ಮುತ್ತಿಕೊಂಡರು. ಎಲ್ಲರಿಗಿಂತ ಮುಂದಿದ್ದವರು ಯಜಮಾನರ ತಾಯಿ. ಮೊಮ್ಮಗಳು ಕಚ್ಚಿ ಕುಡಿದ ಲೋಟವನ್ನೂ ಮುಟ್ಟದ ಮಡಿ ಹೆಂಗಸು.

"ಅಮ್ಮಾ, ಬೇಡ, ಅದು..."

ತಾಯಿ ಬಟ್ಟಲನ್ನೇ ಬಗ್ಗಿಸಿ ಅಂಗೈಗೆ ಸುರಿದುಕೊಂಡು ಕುಡಿದರು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು, ಮತ್ತೆ ಅಂಗೈ ಚಾಚಿದರು.

"ಪಚ್ಚಕರ್ಪೂರ ಹಾಕೋದು ಮರೆತಿದ್ದೀಯ ಕಣೋ. ಇರ್ಲಿ, ಇನ್ನೊಂದ್ ಸಲ ಬಿಡು."