ನಡುಗುಕೈಯ ಹೊಗೆಗಣ್ಣು

ಅಂದು ಬೆಳಿಗ್ಗೆ ಮಂಜು ಬೀದಿಯನ್ನು ನುಂಗಿ, ಪಾರ್ಲರಿನ ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತಿತ್ತು. ಒಳಗೆ ಬೆಳಕು ಸಾಲದೆಂದು ಯಜಮಾನಿ ತಿರುಗುಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿದಳು. ಎದುರು ನಿಂತು, ಕುರ್ಚಿಯಲ್ಲಿ ಕುಳಿತಿದ್ದ ನಾದಿನಿಯ ಗದ್ದ ಹಿಡಿದೆತ್ತಿದಳು.

“ಕಣ್ಣು ಮುಚ್ಚು. ಉಸಿರಾಡು, ಮಾತಾಡಬೇಡ.”

“ಉಸಿರಿಗಾದರೂ ಅಪ್ಪಣೆ ಸಿಕ್ಕಿತಲ್ಲ ಅತ್ತಿಗೆ, ನಿಮ್ಮ ಹೊಟ್ಟೆ ತಣ್ಣಗಿರಲಿ.”

ಪಕ್ಕದಲ್ಲಿ ಬಣ್ಣದ ತಟ್ಟೆ ಹಿಡಿದು ನಿಂತಿದ್ದ ಶಿಷ್ಯೆ ನಗಲಿಲ್ಲ. ನಗುವ ದಿನ ಅದಾಗಿರಲಿಲ್ಲ.

ಆ ಪಾರ್ಲರಿನಲ್ಲಿ ಒಂದು ಪದ್ಧತಿ. ಕೆಲಸ ಕಲಿಯಲು ಬಂದವರು ಮೊದಲ ದಿನವೇ ತಮ್ಮ ಸ್ವಂತ ಬ್ರಷ್ಷನ್ನು ಯಜಮಾನಿಗೆ ಒಪ್ಪಿಸಬೇಕು. ಕೈ ಪಳಗಿತು ಎಂದು ಅವಳಿಗೆ ಅನ್ನಿಸಿದ ದಿನ ಅದು ವಾಪಸ್ಸು. ಅಂದಿನಿಂದ ಗಿರಾಕಿಯ ಮುಖ ಮುಟ್ಟಬಹುದು. ಉಳಿದವರಿಗೆ ಆರು ತಿಂಗಳಲ್ಲಿ ಸಿಕ್ಕಿತ್ತು. ಈ ಶಿಷ್ಯೆಯದು ಮೂರು ವರ್ಷದಿಂದ ಎರಡನೆಯ ಡ್ರಾಯರಿನಲ್ಲಿ ಮಲಗಿತ್ತು. ಮೊದಲ ದಿನ ಇವಳ ಕೈ ನಡುಗಿ, ಅಭ್ಯಾಸಕ್ಕೆಂದು ಕೂತ ಕೆಲಸದವಳ ಕಾಡಿಗೆ ಕಿವಿಯವರೆಗೆ ಪ್ರಯಾಣ ಮಾಡಿತ್ತು. ಅಂದಿನಿಂದ ಅವಳ ಹೆಸರೇ ‘ನಡುಗುಕೈ’. ನಲವತ್ತು ದಾಟಿದ ಹೆಂಗಸು. ಮಾಡುತ್ತಿದ್ದದ್ದು ಟವೆಲ್ ಒಗೆಯುವುದು, ಬಿದ್ದ ಕೂದಲು ಗುಡಿಸುವುದು.

ಇಂದು ಕೊನೆಯ ಪರೀಕ್ಷೆ, ‘ಸ್ಮೋಕಿ ಐ’ ಎನ್ನುವ ಹೊಗೆಗಣ್ಣಿನ ಅಲಂಕಾರ. ಒಂದು ಕಣ್ಣು ಯಜಮಾನಿಯದು, ಇನ್ನೊಂದು ಇವಳದು. ಜೋಡಿಯಾದರೆ ಬ್ರಷ್ಷು. ಆಗದಿದ್ದರೆ ಟವೆಲ್ಲೇ ಕಾಯಂ.

“ನನ್ನ ಎಡಗೈ ಕಡೆಯದು ನನ್ನದು. ಈ ಮಚ್ಚೆ ಮುಚ್ಚೋದು ನಿನ್ನ ಹಣೆಯಲ್ಲಿ ಬರೆದಿಲ್ಲ,” ಎಂದಳು ಯಜಮಾನಿ. ನಾದಿನಿಯ ಆ ರೆಪ್ಪೆಯ ಮೇಲೆ ಎಳ್ಳುಕಾಳಿನಷ್ಟು ಮಚ್ಚೆಯಿತ್ತು.

“ನಮ್ಮಣ್ಣನಿಗೂ ಅಲ್ಲೇ ಇದೆ. ಅದನ್ನ ನೋಡಿಯೇ ಅಲ್ವಾ ನೀವು ಒಪ್ಪಿದ್ದು?”

“ಆಗ ಬುದ್ಧಿ ಬಲಿತಿರಲಿಲ್ಲ. ಬಾಯಿ ಮುಚ್ಚು.”

ಚರ್ಮದ ಬಣ್ಣದ ಲೇಪದಡಿ ಮಚ್ಚೆ ಅಡಗಿತು. ರೆಪ್ಪೆಯ ಮಡಿಕೆಗೆ ಕಂದು, ರೆಪ್ಪೆಗೂದಲಿನ ಬುಡಕ್ಕೆ ಕಪ್ಪು ಪೆನ್ಸಿಲ್, ಮೇಲೆ ಬೂದುಬಣ್ಣದ ಪುಡಿ. ತೀಡುತ್ತ ಮೇಲೇರಿದಂತೆ ಕಪ್ಪು ಬೂದಾಗಬೇಕು, ಬೂದು ಇಲ್ಲವಾಗಬೇಕು. ಆರಿದ ದೀಪದ ಹೊಗೆ ಹೋಗುತ್ತದಲ್ಲ, ಹಾಗೆ. ಹೊಗೆ ಎಲ್ಲಿ ಮುಗಿಯಿತೆಂದು ದೇವರಿಗೂ ತಿಳಿಯಬಾರದು ಎಂಬುದು ಯಜಮಾನಿಯ ಪಾಠ. ಪಾಠ ಹೇಳುವಾಗಲೂ ಅವಳ ಕಿವಿ ಮತ್ತು ಭುಜದ ನಡುವೆ ಮೊಬೈಲು ಸಿಕ್ಕಿಕೊಂಡಿತ್ತು. ಯಾರನ್ನೋ ಬೈಯುವುದು, ಇಲ್ಲಿ ತೀಡುವುದು, ಎರಡೂ ಒಟ್ಟಿಗೆ. ಹತ್ತು ನಿಮಿಷದಲ್ಲಿ ಮುಗಿಯಿತು.

“ಈಗ ನೀನು. ಕಣ್ಣಿಗೆ ಚುಚ್ಚಬೇಡ, ನಮ್ಮನೆಯವರಿಗೆ ಉತ್ತರ ಹೇಳೋಳು ನಾನು,” ಎಂದು ಫೋನಿನೊಂದಿಗೆ ಹೊರನಡೆದಳು.

ನಡುಗುಕೈ ಮನಸ್ಸಿನಲ್ಲೇ ಕೈಮುಗಿದಳು. ಮೂರು ವರ್ಷ ಅವಳು ಟವೆಲ್ಲನ್ನು ಸುಮ್ಮನೆ ಒಗೆದಿರಲಿಲ್ಲ, ಓದಿದ್ದಳು. ಒದ್ದೆ ಬಟ್ಟೆಯಲ್ಲಿ ಕಪ್ಪು ಹೇಗೆ ಬೂದಾಗಿ ಹರಡುತ್ತದೆ, ಯಾವ ಕೈ ಎಲ್ಲಿ ಅವಸರ ಮಾಡಿದೆ, ಎಲ್ಲ ಅದರಲ್ಲಿ ಬರೆದಿರುತ್ತಿತ್ತು. ಎರವಲು ಬ್ರಷ್ಷನ್ನು ಎತ್ತಿಕೊಂಡಳು.

ಅವಳು ಮುಗಿಸುವ ಹೊತ್ತಿಗೆ ಮಂಜು ಕರಗಿತ್ತು. ಕುರ್ಚಿಯನ್ನು ಕನ್ನಡಿಯ ಕಡೆಗೆ ತಿರುಗಿಸಿ ದೀಪ ಹಾಕಲಾಯಿತು. ಯಜಮಾನಿ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತಳು. ಅವಳ ಹಿಂದೆ ಪಾರ್ಲರಿನ ಇನ್ನಿಬ್ಬರು ಕೆಲಸದವರು.

“ಎಲ್ಲ ಕನ್ನಡಿ ನೋಡಿ. ಈ ಎಡಗಡೆಯದು ನನ್ನದು. ಹೊಗೆ ಅಂದ್ರೆ ಇದು. ಹುಬ್ಬಿನ ಹತ್ತಿರ ಹೋಗಿ ಮಾಯ! ಈಗ ಬಲಗಡೆ ನೋಡಿ. ಮಡಕೆಯ ತಳ ಉಜ್ಜಿದ ಹಾಗಿದೆ. ಅಂಚಿಗೆ ಬೇಲಿ ಬೇರೆ ಹಾಕಿದಾಳೆ, ದನ ನುಗ್ಗುತ್ತೆ ಅಂತ!”

ಕೆಲಸದವರಿಬ್ಬರೂ ನಕ್ಕರು. ಯಜಮಾನಿ ನಕ್ಕಲ್ಲಿ ನಗುವುದು ಅವರ ಸಂಬಳದೊಳಗೇ ಸೇರಿತ್ತು.

“ಅಷ್ಟು ಕೆಟ್ಟದಾಗಿದೆಯಾ ಮೇಡಂ?” ನಡುಗುಕೈ ಮೆಲ್ಲಗೆ ಕೇಳಿದಳು.

“ಕೆಟ್ಟದಾ? ಇದನ್ನ ಮಾಡಿದೋಳು ಜನ್ಮದಲ್ಲಿ ಬ್ರಷ್ ಮುಟ್ಟಬಾರದು. ಕೈಗೆ ಅವಸರ. ಮನಸ್ಸು ಇನ್ನೆಲ್ಲೋ.”

“ಹೌದು ಮೇಡಂ. ಮನಸ್ಸು ಇನ್ನೆಲ್ಲೋ ಇತ್ತು.”

“ಅತ್ತಿಗೆ,” ನಾದಿನಿ ತುಟಿ ಕಚ್ಚಿಕೊಂಡಳು, “ಸರಿಯಾಗಿ ನೋಡಿಯೇ ಹೇಳ್ತಿದೀರಾ?”

“ನನ್ನ ಕೈ ಕೆಲಸ ನನಗೆ ಗೊತ್ತಾಗಲ್ವಾ? ಕಣ್ಣು ಕಟ್ಟಿ ಬಿಟ್ಟರೂ ಹೇಳ್ತೀನಿ. ಹತ್ತಿ ಕೊಡೇ ಇಲ್ಲಿ, ಈ ಮಸೀನ ನಾನೇ ಒರೆಸ್ತೀನಿ. ಇವಳು ಒರೆಸೋಕೆ ಹೋಗಿ ಮೂಗನ್ನೂ ಕಿತ್ತಾಳು.”

ದೇವರು ಎರಡು ಕಣ್ಣು ಕೊಟ್ಟದ್ದು, ಒಂದು ಹೊರಗೆ ನೋಡುವಾಗ ಇನ್ನೊಂದು ತನ್ನನ್ನು ನೋಡಿಕೊಳ್ಳಲಿ ಎಂದೋ ಏನೋ. ಎರಡನ್ನೂ ಹೊರಗೇ ನೆಟ್ಟವರಿಗೆ ಅವನೂ ಏನು ಮಾಡಿಯಾನು?

ಯಜಮಾನಿ ಹತ್ತಿಗೆ ಎಣ್ಣೆ ಅದ್ದಿ, ಬಲಗಡೆಯ ಕಣ್ಣಿನ ಮೇಲೆ ಒತ್ತಿ ಎಳೆದಳು. ಕಪ್ಪು ಬಂತು. ಬೂದು ಬಂತು. ಕಂದು ಬಂತು. ಅವುಗಳ ಹಿಂದೆ ಚರ್ಮದ ಬಣ್ಣದ ಲೇಪವೂ ಕಳಚಿ ಬಂತು.

ಅದರ ಕೆಳಗೆ ಎಳ್ಳುಕಾಳಿನಷ್ಟು ಮಚ್ಚೆ.

ಎದುರು ನಿಂತಾಗ ಎಡಗೈ ಕಡೆಗಿದ್ದದ್ದು, ಹಿಂದೆ ನಿಂತು ಕನ್ನಡಿ ನೋಡುವಾಗ ಬಲಕ್ಕೆ ಸರಿದಿತ್ತು. ಈ ಸಲ ಯಾರೂ ನಗಲಿಲ್ಲ. ಯಜಮಾನಿ ಹತ್ತಿಯನ್ನು ಕೆಳಗಿಟ್ಟಳು, ಎರಡನೆಯ ಡ್ರಾಯರ್ ಎಳೆದಳು, ಮೂರು ವರ್ಷದ ಧೂಳನ್ನು ಸೆರಗಿನಿಂದ ಒರೆಸಿ ಬ್ರಷ್ಷನ್ನು ನಡುಗುಕೈಗೆ ಚಾಚಿದಳು. ನಡುಗುತ್ತಿದ್ದದ್ದು ಕೊಟ್ಟ ಕೈ.