ಪರೋಕ್ಷದವರು

ಕಾಲೇಜಿನ ಕನ್ನಡ ಸಂಘದ ಯಾವ ಕಾರ್ಯಕ್ರಮವಿದ್ದರೂ ವಂದನಾರ್ಪಣೆ ವಿಶಾಲಾಳದೇ. ಅತಿಥಿಗಳಿಂದ ಹಿಡಿದು ಹಾರ ತಂದವರವರೆಗೆ ಎಲ್ಲರನ್ನೂ ನೆನೆದು, ‘ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ ವಂದನೆಗಳು’ ಎಂದು ಮುಗಿಸುತ್ತಿದ್ದಳು.

ಒಮ್ಮೆ ಕುರ್ಚಿ ಎತ್ತಿಡುತ್ತಿದ್ದ ಜವಾನ ಫಕೀರಪ್ಪ ಕೇಳಿದ: “ನಾ ಯಾವುದರಾಗ ಬರ್ತೀನಿ ತಂಗಿ? ಪ್ರತ್ಯಕ್ಷದಾಗೋ, ಪರೋಕ್ಷದಾಗೋ?”

ಅವಳಿಗೆ ನಾಚಿಕೆಯಾಯಿತು. “ಮುಂದಿನ ಸಲ ನಿಮ್ಮ ಹೆಸರ ಮೊದಲ ಹೇಳ್ತೀನಿ ಕಾಕಾ.”

“ಹಂಗಾದ್ರ ನಮ್ಮಾಕೀನ್ನ ಕರಕೊಂಡ ಬರ್ತೀನಿ. ನನ್ನ ಹೆಸರು ಬಾಯಿಲೆ ಹೇಳಂಗಿಲ್ಲ ಆಕಿ, ಕಿವಿಲೆ ಆದರೂ ಕೇಳಲಿ,” ಎಂದು ನಕ್ಕ.

ಮುಂದಿನ ಸಭೆಗೆ ಫಕೀರಪ್ಪನ ಹೆಂಡತಿ ಬಂದು ಮೊದಲ ಸಾಲಿನಲ್ಲೇ ಕೂತಿದ್ದಳು. ಅವನ ಹೆಸರನ್ನೇ ಮೊದಲು ಬರೆದ ಚೀಟಿ ಹಿಡಿದು ವಿಶಾಲಾ ಮೈಕಿನತ್ತ ಹೊರಟಾಗ ಸಂಘದ ಮೇಡಂ ಮೆಲ್ಲಗೆ ಕೈ ಹಿಡಿದರು:

“ಕೂಡವ್ವಾ. ಇದು ಫಕೀರಪ್ಪನ ಶ್ರದ್ಧಾಂಜಲಿ ಸಭಾ. ಇದರಾಗ ವಂದನಾರ್ಪಣೆ ಇರಂಗಿಲ್ಲ.”